ಒಂದು ಮತಕ್ಕೆ ಒಂದೇ ಬೆಲೆ: ನಾರ್‌ವುಡ್ ಕ್ಷೇತ್ರದ ಚರಿತೆ

ದಕ್ಷಿಣ ಆಸ್ಟ್ರೇಲಿಯಾದ ರಾಜಧಾನಿ ಅಡಿಲೇಡ್‌ಗೆ ಕೋಟೆಯಿಲ್ಲ. ಕೋಟೆ ಇರಬೇಕಾದಲ್ಲಿ ನಗರವನ್ನು ಸುತ್ತುವರಿದ ಉದ್ಯಾನಗಳ ಹಸಿರು ಪಟ್ಟಿಯಿದೆ. ಆ ಹಸಿರನ್ನು ದಾಟಿ ಪೂರ್ವದ ಗುಡ್ಡಸಾಲಿನ ಕಡೆ ಹೊರಟರೆ ಸಿಗುವ ಹಳೆಯ ಬಡಾವಣೆಗಳಲ್ಲಿ ನಾರ್‌ವುಡ್ ಒಂದು. 1853ರಲ್ಲೇ ನೆರೆಯ ಕೆನ್ಸಿಂಗ್ಟನ್ ಜೊತೆಗೂಡಿ ಸ್ವಂತ ಪುರಸಭೆ ಪಡೆದ ಊರು ಇದು. 1878ರಲ್ಲಿ ಅಡಿಲೇಡ್‌ನ ಕುದುರೆ ಟ್ರಾಮ್ ಮೊದಲಿಗೆ ಓಡಿದ್ದು ಈ ದಿಕ್ಕಿಗೆ. 1909ರಲ್ಲಿ ಮೊದಲ ವಿದ್ಯುತ್ ಟ್ರಾಮ್ ಹೊರಟದ್ದೂ ಈ ದಿಕ್ಕಿಗೇ. ದಿ ಪೆರೇಡ್ ಎಂಬ ಅಗಲವಾದ ಪೇಟೆಬೀದಿ, ಅದರ ಮೂಲೆಯಲ್ಲಿ ಪುರಭವನ, ಒಳಬೀದಿಗಳಲ್ಲಿ ನೀಲಿಗಲ್ಲಿನ ಒತ್ತೊತ್ತಾದ ಚಿಕ್ಕ ಮನೆಗಳು. ಅತ್ತ ಬರ್ನ್‌ಸೈಡ್‌ನ ಸಿರಿವಂತರು, ಇತ್ತ ನಗರದ ಕಾರ್ಖಾನೆಗಳು. ನಡುವೆ ಅಂಗಡಿಯವರು, ಗುಮಾಸ್ತರು, ಕೂಲಿಕಾರರು. 1938ರಿಂದ ಈ ಊರು ರಾಜ್ಯದ ಪಾರ್ಲಿಮೆಂಟಿನ ಕೆಳಮನೆಗೆ ಕಳಿಸುತ್ತಿದ್ದುದು ಒಬ್ಬರೇ ಒಬ್ಬ ಪ್ರತಿನಿಧಿಯನ್ನು. ಆದರೂ ಆ ರಾಜ್ಯದಲ್ಲಿ ಮತಕ್ಕೆ ಎಷ್ಟು ಬೆಲೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಈ ಕ್ಷೇತ್ರದ ಹೆಸರು ಬಾರದೆ ಇರಲಿಲ್ಲ.

ಆ ಪ್ರಶ್ನೆ ಅಲ್ಲಿ ಏಳಬೇಕಾಗಿಯೇ ಇರಲಿಲ್ಲ. ಗುಟ್ಟಿನ ಮತದಾನವನ್ನು 1856ರಲ್ಲೇ ಜಾರಿಗೆ ತಂದ ನಾಡು ಅದು. ಅಭ್ಯರ್ಥಿಯ ಹೆಸರಿನ ಪಕ್ಕದ ಚೌಕದಲ್ಲಿ ಗುರುತು ಹಾಕುವ ಮತಪತ್ರವನ್ನು ರೂಪಿಸಿದವರು ಅಲ್ಲಿನ ಚುನಾವಣಾಧಿಕಾರಿ ವಿಲಿಯಂ ಬೂತ್‌ಬಿ. 1894ರಲ್ಲಿ ಹೆಂಗಸರಿಗೆ ಮತದ ಹಕ್ಕಿನ ಜೊತೆಗೆ ಪಾರ್ಲಿಮೆಂಟಿಗೆ ಸ್ಪರ್ಧಿಸುವ ಹಕ್ಕನ್ನೂ ಕೊಟ್ಟಿತು. ಎರಡನೆಯ ಹಕ್ಕನ್ನು ಜಗತ್ತಿನಲ್ಲಿ ಮೊದಲು ಕೊಟ್ಟದ್ದು ಅದೇ. ಇಷ್ಟು ಹೆಸರು ಮಾಡಿದ ನಾಡು 1936ರಲ್ಲಿ ತನ್ನ ಕೆಳಮನೆಗೆ ಹೊಸ ಲೆಕ್ಕ ಬರೆಯಿತು. ಒಟ್ಟು 39 ಕ್ಷೇತ್ರ. ಅದರಲ್ಲಿ ಹಳ್ಳಿಗಾಡಿಗೆ 26, ಅಡಿಲೇಡ್ ನಗರಕ್ಕೆ 13. ಬರೆದದ್ದು ಅಧಿಕಾರದಲ್ಲಿದ್ದ ಲಿಬರಲ್ ಅಂಡ್ ಕಂಟ್ರಿ ಲೀಗ್. ಅದರ ಬೇರು ಇದ್ದದ್ದು ಗೋಧಿ ಹೊಲಗಳಲ್ಲಿ, ಕುರಿ ಹುಲ್ಲುಗಾವಲುಗಳಲ್ಲಿ. 1938ರಿಂದ ಈ ಲೆಕ್ಕದ ಮೇಲೆ ಚುನಾವಣೆಗಳು ನಡೆದವು. ನಗರಕ್ಕೆ ಸಿಕ್ಕ 13ರಲ್ಲಿ ನಾರ್‌ವುಡ್ ಒಂದು.

ಅದೇ 1938ರಲ್ಲಿ ಟಾಮ್ ಪ್ಲೇಫೋರ್ಡ್ ಪ್ರೀಮಿಯರ್ ಆದರು; ನಮ್ಮ ಮಾತಿನಲ್ಲಿ ರಾಜ್ಯದ ಮುಖ್ಯಮಂತ್ರಿ. ಅಡಿಲೇಡ್ ಗುಡ್ಡಗಳಲ್ಲಿ ಚೆರ್ರಿ ಬೆಳೆಯುತ್ತಿದ್ದ ತೋಟಗಾರರು, ಮಿತವ್ಯಯಿ. ಇಳಿದದ್ದು 1965ರಲ್ಲಿ, 26 ವರ್ಷದ ಮೇಲೆ. ಅವರನ್ನು ಬರಿಯ ಕುರ್ಚಿಯಾಸೆಯ ಮನುಷ್ಯರೆಂದು ಬರೆದರೆ ಚರಿತ್ರೆಗೆ ಅಪಚಾರ. ಬಲಪಂಥದ ಪಕ್ಷದವರಾಗಿದ್ದೂ 1946ರಲ್ಲಿ ವಿದ್ಯುತ್ ಕಂಪನಿಯನ್ನು ಸರ್ಕಾರದ ಸ್ವಾಧೀನಕ್ಕೆ ತೆಗೆದುಕೊಂಡರು. ಕಾರ್ಖಾನೆಗಳನ್ನು ಕರೆತಂದರು, ಕೆಲಸಗಾರರಿಗೆ ಸರ್ಕಾರಿ ಮನೆಗಳನ್ನು ಕಟ್ಟಿಸಿದರು, ಎಲಿಜಬೆತ್ ಎಂಬ ಹೊಸ ಪಟ್ಟಣವನ್ನೇ ಎಬ್ಬಿಸಿದರು. ಕಾರ್ಖಾನೆಗೆ ಕೈ ಬೇಕು. ಆ ಕೈಗಳು ಯುದ್ಧದಲ್ಲಿ ನಲುಗಿದ ಯುರೋಪಿನಿಂದ ಹಡಗು ಹತ್ತಿ ಬಂದವು. ಹೀಗೆ ಪ್ಲೇಫೋರ್ಡರ ಉದ್ಯಮಗಳು ನಗರವನ್ನು ಹಿಗ್ಗಿಸುತ್ತ ಹೋದವು, ಅವರ ಪಕ್ಷದ ಚುನಾವಣಾ ಕಾನೂನು ಅದೇ ನಗರದ ಮತವನ್ನು ಅಗ್ಗ ಮಾಡುತ್ತ ಹೋಯಿತು. ಅವರ ಆಳ್ವಿಕೆಯ ಕೊನೆಗಾಲಕ್ಕೆ ರಾಜ್ಯದ ಮೂರರಲ್ಲಿ ಎರಡು ಪಾಲು ಜನ ಅಡಿಲೇಡ್‌ನಲ್ಲಿದ್ದರು. ಪೀಠಗಳಲ್ಲಿ ಅವರ ಪಾಲು ಮೂರರಲ್ಲಿ ಒಂದೇ.

ಹಡಗಿನಲ್ಲಿ ಬಂದವರಲ್ಲಿ ಇಟಲಿಯವರು ಬಹಳ. ನಾರ್‌ವುಡ್‌ನ ಚಿಕ್ಕ ಮನೆಗಳು ಅಗ್ಗವಾಗಿದ್ದವು, ನಗರ ಹತ್ತಿರವಿತ್ತು. ಮೊದಲು ಬಂದವರ ಜಾಡು ಹಿಡಿದು ನಂಟರಿಷ್ಟರು, ಊರಿನವರು ಬಂದರು. ನೆರೆಯ ಇಂಗ್ಲಿಷ್ ಮೂಲದವರಿಗೆ ಅವರ ಭಾಷೆ, ಊಟ, ಗಲಗಲ ಮಾತು ಯಾವುದೂ ಹಿಡಿಸುತ್ತಿರಲಿಲ್ಲ. ಆದರೆ ವರ್ಷಗಳು ಕಳೆದು ಪೌರತ್ವದ ಕಾಗದ ಕೈಸೇರಿದೊಡನೆ ಹೊಸಬರೂ ಮತದಾರರು. 1942ರ ಕಾನೂನಿನ ಪ್ರಕಾರ ಮತ ಹಾಕುವುದು ಕಡ್ಡಾಯವೂ ಆಗಿತ್ತು. ಈ ಮತಗಳು ಎಣಿಕೆಯ ಮೇಜಿಗೆ ಬರುವ ದಿನವನ್ನು ಮುಂದಾಗಿ ಕಂಡವರು ಒಬ್ಬ ಯುವ ವಕೀಲರು.

ಡಾನ್ ಡನ್‌ಸ್ಟನ್ ಹುಟ್ಟಿದ್ದು 1926ರಲ್ಲಿ, ಫಿಜಿಯ ಸುವಾದಲ್ಲಿ. ಕಬ್ಬಿನ ಗದ್ದೆಗೆ ಕರಾರು ಕೂಲಿಗಳಾಗಿ ಹೋದ ಭಾರತೀಯರ ಮಕ್ಕಳು ಮೊಮ್ಮಕ್ಕಳು ಬೆಳೆಯುತ್ತಿದ್ದ ದ್ವೀಪ ಅದು. ಬಿಳಿಯರ ಹುಡುಗ ಭಾರತೀಯರೊಡನೆಯೂ ಮೂಲನಿವಾಸಿಗಳೊಡನೆಯೂ ಬೆರೆಯುತ್ತಿದ್ದುದನ್ನು ಕಂಡು ಅಲ್ಲಿನ ಬಿಳಿಯರು ಮೂಗು ಮುರಿದರು. ಮುಂದೆ ಓದು ಅಡಿಲೇಡ್‌ನ ಸೇಂಟ್ ಪೀಟರ್ಸ್ ಕಾಲೇಜಿನಲ್ಲಿ. ಲೀಗಿನ ದೊಡ್ಡಮನೆಗಳ ಗಂಡುಮಕ್ಕಳು ಕಲಿಯುತ್ತಿದ್ದ ಶಾಲೆ. ಮನೆತನವೂ ಲೀಗಿನದೇ. ಹುಡುಗ ಮಾತ್ರ ಲೇಬರ್ ಪಕ್ಷ ಸೇರಿದರು. ಕಾನೂನು ಪದವಿಯ ನಂತರ ಕೆಲಕಾಲ ಫಿಜಿಯಲ್ಲಿ ವಕೀಲಿ ಮಾಡಿ, 1951ರಲ್ಲಿ ಹೆಂಡತಿಯೊಡನೆ ಮರಳಿ, ನಾರ್‌ವುಡ್‌ನ ಜಾರ್ಜ್ ಬೀದಿಯಲ್ಲಿ ಬಿಡಾರ ಹೂಡಿದರು. ವಕೀಲಿಯಲ್ಲಿ ಗಿಟ್ಟುತ್ತಿದ್ದುದು ಸಾಲದೆ, ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಸಂಸಾರ ತೂಗಿಸಿದರು.

1953ರ ಚುನಾವಣೆ ಬಂತು. ನಾರ್‌ವುಡ್ ಆಗ ಲೀಗಿನ ರಾಯ್ ಮೊಯಿರ್ ಅವರ ಕೈಯಲ್ಲಿತ್ತು. ಆ ಕಾಲದ ಪ್ರಚಾರವೆಂದರೆ ಪುರಭವನದಲ್ಲೊಂದು ಸಭೆ, ಪತ್ರಿಕೆಯಲ್ಲೊಂದು ಹೇಳಿಕೆ, ಅಲ್ಲಿಗೆ ಮುಗಿಯಿತು. ಡನ್‌ಸ್ಟನ್ ಕ್ಷೇತ್ರದ ಕಂಬಕಂಬಕ್ಕೂ ತಮ್ಮ ಮುಖದ ಪೋಸ್ಟರ್ ಅಂಟಿಸಿದರು. ಕಾರ್ಯಕರ್ತರು ಬೀದಿ ಬೀದಿ ಸುತ್ತಿದರು. ಕೊನೆಯ ಅಸ್ತ್ರವನ್ನು ಎದುರಾಳಿಯೇ ಒದಗಿಸಿಕೊಟ್ಟಿದ್ದರು. ಈ ವಲಸೆಗಾರರಿಂದ ನಮಗೆ ಉಪಯೋಗವಿಲ್ಲ, ಹೆಚ್ಚಿನವರಿಗೆ ಕಸುಬೇ ಗೊತ್ತಿಲ್ಲ ಎಂಬ ಅರ್ಥದ ಮಾತನ್ನು ಮೊಯಿರ್ ಆಡಿದ್ದರು. ಆಡಿದವರಿಗೆ ಅದು ಮರೆತೇ ಹೋಗಿರಬಹುದು. ಡನ್‌ಸ್ಟನ್ ಅದನ್ನು ಅನುವಾದ ಮಾಡಿಸಿ, ಕರಪತ್ರವಾಗಿ ಅಚ್ಚು ಹಾಕಿಸಿ, ಇಟಲಿಯವರ ಮನೆಗಳಿಗೆ ಮುಟ್ಟಿಸಿದರು. ಮತ ಕೇಳಲು ಬಂದವರು ತಮ್ಮ ಬೆನ್ನ ಹಿಂದೆ ಏನೆನ್ನುತ್ತಾರೆಂದು ಆ ಮನೆಗಳವರು ತಮ್ಮದೇ ಭಾಷೆಯಲ್ಲಿ ಓದಿಕೊಂಡರು. ಎಣಿಕೆ ಮುಗಿದಾಗ ಮೊಯಿರ್ ಸೋತಿದ್ದರು. 26ರ ಹರೆಯದ ಡನ್‌ಸ್ಟನ್ ನಾರ್‌ವುಡ್‌ನ ಪ್ರತಿನಿಧಿಯಾದರು. ಮುಂದಿನ 26 ವರ್ಷ ಆ ಪೀಠವನ್ನು ಬಿಟ್ಟುಕೊಡಲಿಲ್ಲ.

ಸಭೆಯೊಳಗೂ ಅವರು ಹಳೆಯ ಮರ್ಯಾದೆಗೆ ಒಗ್ಗಲಿಲ್ಲ. 1954ರಲ್ಲಿ ಹಳ್ಳಿಗಾಡಿನ ಮತಕ್ಕೆ ಇನ್ನಷ್ಟು ತೂಕ ಕೊಡುವ ಮಸೂದೆ ಬಂದಾಗ, ಮಸೂದೆ ಅನೈತಿಕ, ಅದನ್ನು ತಂದವರೂ ಅಂಥವರೇ ಎಂದುಬಿಟ್ಟರು. ಮಾತು ಹಿಂತೆಗೆದುಕೊಳ್ಳಿ ಎಂದು ಸ್ಪೀಕರ್ ಹೇಳಿದರು, ಇವರು ಒಪ್ಪಲಿಲ್ಲ, ಸಭೆಯಿಂದ ಹೊರಗೆ ಹಾಕಿಸಿಕೊಂಡರು. 1959ರಲ್ಲಿ ಮ್ಯಾಕ್ಸ್ ಸ್ಟುವರ್ಟ್ ಎಂಬ ಮೂಲನಿವಾಸಿಗೆ ಕೊಲೆ ಪ್ರಕರಣದಲ್ಲಿ ಗಲ್ಲು ವಿಧಿಸಿದಾಗ ದೇಶವೆಲ್ಲ ಎದ್ದು ಕೂತಿತು. ಇಂಗ್ಲಿಷ್ ಸರಿಯಾಗಿ ಬಾರದ ಆ ಮನುಷ್ಯನ ತಪ್ಪೊಪ್ಪಿಗೆಯನ್ನು ನಂಬಬಹುದೇ ಎಂಬುದು ವಾದ. ಪ್ಲೇಫೋರ್ಡ್ ತನಿಖಾ ಆಯೋಗ ನೇಮಿಸಿದರು. ಆದರೆ ವಿಚಾರಣೆ ನಡೆಸಿದ ನ್ಯಾಯಾಧೀಶರನ್ನೂ ಮೇಲ್ಮನವಿ ಕೇಳಿದ ಮುಖ್ಯ ನ್ಯಾಯಾಧೀಶರನ್ನೂ ಅದರಲ್ಲಿ ಕೂರಿಸಿದರು. ತಮ್ಮ ತೀರ್ಪನ್ನು ತಾವೇ ತೂಗುವುದು ಯಾವ ನ್ಯಾಯವೆಂದು ಕೇಳಿದವರ ಮುಂಚೂಣಿಯಲ್ಲಿ ನಾರ್‌ವುಡ್‌ನ ಸದಸ್ಯರಿದ್ದರು. ಗಲ್ಲು ಜೀವಾವಧಿಗೆ ಇಳಿಯಿತು. ಪ್ಲೇಫೋರ್ಡರ ಗದ್ದುಗೆ ಮೊದಲ ಬಾರಿಗೆ ಅಲುಗಿದ್ದು ಆಗಲೇ ಎಂದು ಹಲವರು ಬರೆದಿದ್ದಾರೆ. ಅದೇ ವರ್ಷ ಪಕ್ಕದ ಬರ್ನ್‌ಸೈಡ್ ಕ್ಷೇತ್ರ ಜಾಯ್ಸ್ ಸ್ಟೀಲ್ ಅವರನ್ನು ಕಳಿಸಿತು. 1894ರ ಹಕ್ಕಿಗೆ ಕೆಳಮನೆಯಲ್ಲಿ ಒಬ್ಬ ಹೆಂಗಸು ಕೂರಲು 65 ವರ್ಷ ಹಿಡಿಯಿತು.

1962ರಲ್ಲಿ ಲೇಬರ್‌ಗೆ 19 ಪೀಠ, ಲೀಗಿಗೆ 18. ಇಬ್ಬರು ಪಕ್ಷೇತರರ ಬಲದಲ್ಲಿ ಪ್ಲೇಫೋರ್ಡ್ ಉಳಿದುಕೊಂಡರು. 1965ರಲ್ಲಿ ಉಳಿಯಲಾಗಲಿಲ್ಲ. 32 ವರ್ಷದ ಮೇಲೆ ಲೇಬರ್ ಸರ್ಕಾರ ಬಂತು, ಫ್ರಾಂಕ್ ವಾಲ್ಷ್ ಪ್ರೀಮಿಯರ್ ಆದರು, ಡನ್‌ಸ್ಟನ್ ಅಟಾರ್ನಿ ಜನರಲ್. ಅದೇ ವರ್ಷ ರೋಮಾ ಮಿಚೆಲ್ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಾಧೀಶೆಯಾದರು; ಆಸ್ಟ್ರೇಲಿಯಾದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ. 1966ರಲ್ಲಿ ಮೈಬಣ್ಣ, ಮೂಲ ನೋಡಿ ಭೇದ ಮಾಡುವುದನ್ನು ಅಪರಾಧವಾಗಿಸುವ ಕಾನೂನು ಬಂತು; ಆ ದೇಶದಲ್ಲಿ ಅಂಥದ್ದು ಮೊದಲು. ಮೂಲನಿವಾಸಿಗಳ ನೆಲಕ್ಕೆ ಒಂದು ಟ್ರಸ್ಟ್ ಕೂಡ ಅದೇ ವರ್ಷ ಆಯಿತು. ಹೋಟೆಲಿನ ಬಾರುಗಳು ಸಂಜೆ ಆರಕ್ಕೆ ಬಾಗಿಲು ಹಾಕಬೇಕೆಂಬ ಕಾಯಿದೆ 1916ರಿಂದಲೂ ಇತ್ತು. ಐದಕ್ಕೆ ಕೆಲಸ ಬಿಟ್ಟ ಗಂಡಸರು ಒಂದೇ ಗಂಟೆಯಲ್ಲಿ ಗಟಗಟನೆ ಕುಡಿದು ಬೀದಿಗೆ ಬೀಳುತ್ತಿದ್ದರು. 1967ರಲ್ಲಿ ಅದೂ ಹೋಯಿತು. ಊಟದ ಮೇಜಿನಲ್ಲಿ ವೈನಿಟ್ಟು ನಿಧಾನವಾಗಿ ಸವಿಯುವುದನ್ನು ಬಲ್ಲ ಇಟಲಿಯವರ ಕ್ಷೇತ್ರದಿಂದ ಬಂದ ಮಂತ್ರಿಗೆ ಇದು ಒಪ್ಪುವ ಸುಧಾರಣೆಯೇ.

ಅದೇ 1967ರ ಜೂನ್‌ನಲ್ಲಿ ವಾಲ್ಷ್ ಅವರ ನಂತರ ಡನ್‌ಸ್ಟನ್ ಪ್ರೀಮಿಯರ್ ಆದರು. ಮರುವರ್ಷ, 1968ರಲ್ಲಿ, ಹಳೆಯ ಲೆಕ್ಕ ತನ್ನ ಕೊನೆಯ ಏಟು ಹಾಕಿತು. ಲೇಬರ್‌ಗೆ ಶೇ. 52ರಷ್ಟು ಮತ ಬಿತ್ತು. ಪೀಠಗಳು ಮಾತ್ರ 19-19. ಒಬ್ಬ ಪಕ್ಷೇತರ ಟಾಮ್ ಸ್ಟಾಟ್ ಲೀಗಿನ ಕಡೆ ವಾಲಿದರು. ಆ ಚುನಾವಣೆಯಲ್ಲಿ ಹಳ್ಳಿಗಾಡಿನ ಫ್ರೋಮ್ ಕ್ಷೇತ್ರದಲ್ಲಿ ಎಣಿಕೆಯಾದ ಮತ ಸುಮಾರು 4,500. ನಗರದ ಎನ್‌ಫೀಲ್ಡ್‌ನಲ್ಲಿ ಸುಮಾರು 42,000. ಎರಡೂ ಕಳಿಸಿದ್ದು ಒಬ್ಬೊಬ್ಬ ಸದಸ್ಯರನ್ನೇ. ಸಾವಿರಾರು ಜನ ಅಡಿಲೇಡ್‌ನ ಬೀದಿಗಿಳಿದರು. ಒಂದು ಮತಕ್ಕೆ ಒಂದೇ ಬೆಲೆ ಎಂಬುದು ಅವರ ಕೂಗು.

ಗೆದ್ದು ಕೂತ ಲೀಗಿನ ಹೊಸ ನಾಯಕ ಸ್ಟೀಲ್ ಹಾಲ್ ಮಾಡಿದ್ದು ಅಪರೂಪದ ಕೆಲಸ. ತಮ್ಮನ್ನು ಗದ್ದುಗೆಗೆ ಏರಿಸಿದ ಏಣಿ ನಾಚಿಕೆಗೇಡಿನದೆಂದು ಅವರಿಗೇ ಅನ್ನಿಸಿತು. ಸ್ವಪಕ್ಷದ ಹಳಬರ ಮುನಿಸು ಕಟ್ಟಿಕೊಂಡು ಕೆಳಮನೆಯನ್ನು 47 ಪೀಠಕ್ಕೆ ಹಿಗ್ಗಿಸಿದರು; 28 ನಗರಕ್ಕೆ, 19 ಹಳ್ಳಿಗಾಡಿಗೆ. ಆಮೇಲೆ ಅಣೆಕಟ್ಟೆಯೊಂದರ ಜಗಳದಲ್ಲಿ ಸ್ಟಾಟ್ ಕೈಬಿಟ್ಟರು, ಸರ್ಕಾರ ಬಿತ್ತು. 1970ರ ಮೇ ತಿಂಗಳಲ್ಲಿ ಲೇಬರ್ 27 ಪೀಠ ಗೆದ್ದಿತು. ಈ ನ್ಯಾಯ ಮಾಡಿದರೆ ತಾವು ಸೋಲುತ್ತೇವೆಂದು ಹಾಲ್ ಅವರಿಗೆ ಗೊತ್ತಿತ್ತು. ಮಾಡಿದರು, ಸೋತರು. ನಾರ್‌ವುಡ್ ಚರಿತೆ ಹೇಳುವವರು ಈ ಎದುರಾಳಿಗೂ ಒಂದು ನಮಸ್ಕಾರ ಹಾಕಿ ಮುಂದೆ ಹೋಗಬೇಕು.

ಡನ್‌ಸ್ಟನ್ ಒಂಬತ್ತು ವರ್ಷ ಆಳಿದರು. ಆಸ್ತಿಪಾಸ್ತಿ ಇದ್ದವರ ಮತಕ್ಕೇ ಮೀಸಲಾಗಿದ್ದ ಮೇಲ್ಮನೆ 1973ರ ಕಾನೂನಿನಿಂದ ಎಲ್ಲ ವಯಸ್ಕರದಾಯಿತು. 1975ರಲ್ಲಿ ಕ್ಷೇತ್ರಗಳ ಗಡಿ ಬರೆಯುವ ಅಧಿಕಾರ ಸ್ವತಂತ್ರ ಆಯೋಗದ ಕೈಗೆ ಹೋಯಿತು. ಅದೇ ವರ್ಷ ಸಲಿಂಗಕಾಮ ಅಪರಾಧವಲ್ಲವೆಂದು ದೇಶದಲ್ಲೇ ಮೊದಲಿಗೆ ಕಾನೂನಾಯಿತು. 1976ರಲ್ಲಿ ಮೂಲನಿವಾಸಿ ಡಗ್ಲಾಸ್ ನಿಕೋಲ್ಸ್ ರಾಜ್ಯಪಾಲರಾದರು. ಜನರ ನೆನಪಿನಲ್ಲಿ ಇವಕ್ಕಿಂತ ಗಟ್ಟಿಯಾಗಿ ಉಳಿದದ್ದು 1972ರ ಒಂದು ದಿನ. ಬಿಸಿಲಿಗೆ ಟೈ ಕೋಟು ಯಾಕೆಂದು ಕೇಳುವಂತೆ, ಪ್ರೀಮಿಯರ್ ಸಾಹೇಬರು ತಿಳಿಗುಲಾಬಿ ಬಣ್ಣದ ಚಡ್ಡಿ, ಬಿಳಿ ಅಂಗಿ, ಉದ್ದ ಕಾಲುಚೀಲ ತೊಟ್ಟು ಪಾರ್ಲಿಮೆಂಟ್ ಭವನಕ್ಕೆ ಬಂದರು. ಛಾಯಾಗ್ರಾಹಕರಿಗೆ ಹಬ್ಬ, ಹಿರಿಯರಿಗೆ ಗಂಟಲಲ್ಲಿ ತುತ್ತು. 1976ರಲ್ಲಿ ಅವರದೊಂದು ಅಡುಗೆ ಪುಸ್ತಕವೂ ಹೊರಬಂತು.

ಕೊನೆಗಾಲ ಕಹಿಯಾಯಿತು. ಪೊಲೀಸರ ಗುಪ್ತ ಕಡತಗಳ ವಿಷಯದಲ್ಲಿ 1978ರಲ್ಲಿ ಪೊಲೀಸ್ ಆಯುಕ್ತರನ್ನು ವಜಾ ಮಾಡಿದ್ದು ದೊಡ್ಡ ರಂಪವಾಯಿತು. ಆ ವರ್ಷವೇ ಎರಡನೆಯ ಹೆಂಡತಿ, ಮಲೇಷ್ಯಾ ಮೂಲದ ಅಡೆಲ್ ಕೋ, ಕ್ಯಾನ್ಸರ್‌ನಿಂದ ತೀರಿಕೊಂಡರು. 1979ರ ಫೆಬ್ರವರಿಯಲ್ಲಿ ಆಸ್ಪತ್ರೆಯಲ್ಲಿ, ರಾತ್ರಿಯುಡುಪಿನಲ್ಲೇ ಕೂತು, ಬತ್ತಿದ ಮುಖದ ಪ್ರೀಮಿಯರ್ ಪತ್ರಕರ್ತರ ಮುಂದೆ ರಾಜೀನಾಮೆ ಹೇಳಿದರು. ಮುಂದೆ ನಾರ್‌ವುಡ್‌ನಲ್ಲೇ ನೆಲೆಸಿ, 1999ರಲ್ಲಿ ತೀರಿಕೊಂಡರು.

ಡನ್‌ಸ್ಟನ್ ತೆರವು ಮಾಡಿದ ಪೀಠವನ್ನು 1979ರ ಮಾರ್ಚ್‌ನ ಉಪಚುನಾವಣೆಯಲ್ಲಿ ಲೇಬರ್‌ನ ಗ್ರೆಗ್ ಕ್ರಾಫ್ಟರ್ ಗೆದ್ದರು. ಸೆಪ್ಟೆಂಬರ್‌ನ ಮಹಾಚುನಾವಣೆಯಲ್ಲಿ ಗಾಳಿ ತಿರುಗಿ, ಹಳೆಯ ಲೀಗಿನ ಮುಂದುವರಿಕೆಯಾದ ಲಿಬರಲ್ ಪಕ್ಷದ ಫ್ರಾಂಕ್ ವೆಬ್‌ಸ್ಟರ್ ಕೂದಲೆಳೆಯಲ್ಲಿ ಮುಂದೆ ಬಂದರು. ಆದರೆ ಇಟಾಲಿಯನ್ ಪತ್ರಿಕೆಯೊಂದರಲ್ಲಿ ಬಂದ ಅವರ ಜಾಹೀರಾತು ವೆಬ್‌ಸ್ಟರ್ ಆಗಲೇ ನಾರ್‌ವುಡ್‌ನ ಸದಸ್ಯರೆಂಬಂತೆ ಮಾತಾಡಿತ್ತು. ಸದಸ್ಯರಾಗಿದ್ದವರು ಕ್ರಾಫ್ಟರ್. ಚುನಾವಣಾ ತಕರಾರಿನ ನ್ಯಾಯಾಲಯ ಗೆಲುವನ್ನು ಅಸಿಂಧುಗೊಳಿಸಿತು. 1980ರ ಫೆಬ್ರವರಿಯಲ್ಲಿ ಮತ್ತೆ ಮತದಾನವಾಗಿ ಕ್ರಾಫ್ಟರ್ ಪೀಠಕ್ಕೆ ಮರಳಿದರು. 1953ರಲ್ಲಿ ಉಪಯೋಗಕ್ಕೆ ಬಾರದವರೆನ್ನಿಸಿಕೊಂಡಿದ್ದವರ ಕಣ್ಣಿಗೆ ಬಿದ್ದ ಒಂದು ಸುಳ್ಳು ಈಗ ಪೀಠವನ್ನೇ ಕಸಿಯುವಷ್ಟು ತೂಗುತ್ತಿತ್ತು.

ಮುಂದಿನದು ಸಂಕ್ಷೇಪದ ಮಾತು. ತನ್ನ ಆಡಳಿತದಲ್ಲಿ ರಾಜ್ಯ ಸರ್ಕಾರದ ಸ್ಟೇಟ್ ಬ್ಯಾಂಕ್ ಕುಸಿದದ್ದಕ್ಕೆ 1993ರಲ್ಲಿ ದಂಡ ತೆತ್ತ ಲೇಬರ್ 47ರಲ್ಲಿ ಹತ್ತೇ ಪೀಠ ಉಳಿಸಿಕೊಂಡಿತು. ನಾರ್‌ವುಡ್ ಲಿಬರಲ್ ಪಕ್ಷದ ಜಾನ್ ಕಮಿನ್ಸ್ ಅವರಿಗೆ ಹೋಯಿತು. 1997ರಲ್ಲಿ ಅವರನ್ನು ಸೋಲಿಸಿದ ಲೇಬರ್ ಅಭ್ಯರ್ಥಿ ವಿನಿ ಚಿಕರೆಲ್ಲೊ, ಇಟಲಿ ಮೂಲದ ಹೆಣ್ಣುಮಗಳು, ಅದೇ ಊರಿನ ಮಾಜಿ ಮೇಯರ್. 2010ರಲ್ಲಿ ಅವರನ್ನು ಲಿಬರಲ್ ಪಕ್ಷದ ಸ್ಟೀವನ್ ಮಾರ್ಷಲ್ ಸೋಲಿಸಿದರು. 2014ರ ಚುನಾವಣೆಗೆ ಗಡಿ ಆಯೋಗ ಕ್ಷೇತ್ರಕ್ಕೆ ಡನ್‌ಸ್ಟನ್ ಎಂದೇ ಹೆಸರಿಟ್ಟಿತು. ಆ ಹೆಸರಿನ ಮೊದಲ ಸದಸ್ಯರು ಮಾರ್ಷಲ್. 2018ರಲ್ಲಿ ಅವರೂ ಪ್ರೀಮಿಯರ್ ಆದರು, 2022ರಲ್ಲಿ ಅಧಿಕಾರ ಕಳೆದುಕೊಂಡರು, 2024ರಲ್ಲಿ ಪೀಠ ಬಿಟ್ಟರು. ಆ ಮಾರ್ಚ್‌ನ ಉಪಚುನಾವಣೆಯಲ್ಲಿ ಲೇಬರ್‌ನ ಕ್ರೆಸಿಡಾ ಓಹ್ಯಾನ್ಲನ್ ಗೆದ್ದರು.

ಹಳೆಯ ಲೆಕ್ಕದ ಕಾಲದಲ್ಲಿ ರಾಜ್ಯವನ್ನು ಯಾರು ಆಳಬೇಕೆಂಬುದು ಗಡಿ ಬರೆದವರ ಮೇಜಿನ ಮೇಲೆಯೇ ಅರ್ಧ ತೀರ್ಮಾನವಾಗಿರುತ್ತಿತ್ತು. ಡನ್‌ಸ್ಟನ್ ಕೇಳಿ ಪಡೆದದ್ದು ಎಲ್ಲರಿಗೂ ಸಮಬೆಲೆಯ ಮತ. ಅಂಥ ಮತ ಅದನ್ನು ಗಳಿಸಿಕೊಟ್ಟವರ ಪಕ್ಷವನ್ನೂ ಮನೆಗೆ ಕಳಿಸಬಲ್ಲದು. ನಾರ್‌ವುಡ್‌ನವರು 1993ರಲ್ಲಿ ಕಳಿಸಿದರು, 2010ರಲ್ಲಿ ಕಳಿಸಿದರು, ಎರಡು ಸಲವೂ ಮತ್ತೆ ಕರೆಸಿಕೊಂಡರು. ಮುಂದಿನ ಸಲ ಏನು ಮಾಡುತ್ತಾರೋ ಯಾವ ಪಕ್ಷವೂ ಧೈರ್ಯವಾಗಿ ಹೇಳಲಾರದು.