ಗ್ಯಾಮಾ ಕಿರಣಗಳನ್ನು ಕಾಣುವ ಕಣ್ಣು

ಅಂತರಿಕ್ಷದಿಂದ ಬರುವ ಗ್ಯಾಮಾ ಕಿರಣವು ನೆಲವನ್ನು ಮುಟ್ಟಲಾರದು. ವಾಯುಮಂಡಲದ ಮೇಲ್ಭಾಗದಲ್ಲಿಯೇ ಅದು ಒಡೆದು ಕಣಗಳ ಮಳೆಯಾಗುತ್ತದೆ. ಆ ಮಳೆಯಿಂದ ನಸುನೀಲಿಯ ಬೆಳಕೊಂದು ಹೊಮ್ಮಿ, ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಅಡಗಿಹೋಗುತ್ತದೆ. ರಶಿಯಾದ ಚೆರೆಂಕೊವ್ ಎಂಬ ವಿದ್ವಾಂಸನು 1934 ರಲ್ಲಿ ಈ ಜಾತಿಯ ಬೆಳಕನ್ನು ದ್ರವಗಳಲ್ಲಿ ಕಂಡಿದ್ದನು. 1953 ರಲ್ಲಿ ಗಾಲ್‌ಬ್ರೈತ್, ಜೆಲ್ಲಿ ಎಂಬಿಬ್ಬರು ಇಂಗ್ಲಂಡದಲ್ಲಿ ಕಸದ ಡಬ್ಬಿಯೊಂದರೊಳಗೆ ಸಣ್ಣ ಕನ್ನಡಿಯನ್ನೂ ಒಂದೇ ಒಂದು ಫೋಟೋಮಲ್ಟಿಪ್ಲೈಯರ್ ನಳಿಗೆಯನ್ನೂ ಇಟ್ಟು ಅದನ್ನು ಆಕಾಶದಲ್ಲಿ ಹಿಡಿದರು. ಶಾಸ್ತ್ರಶೋಧಕ್ಕೆ ಐಶ್ವರ್ಯವೇ ಮೊದಲು ಬೇಕೆನ್ನುವವರು ಈ ಡಬ್ಬಿಯನ್ನು ನೆನೆಯಬಹುದು.

ಆದರೆ ತೊಡಕು ಬೇರೆಡೆಯಲ್ಲಿತ್ತು. ವಿಶ್ವಕಿರಣಗಳೆಂಬ ವಿದ್ಯುತ್ಕಣಗಳೂ ಇಂಥದೇ ಬೆಳಕನ್ನು ಚೆಲ್ಲುತ್ತವೆ. ಅವುಗಳ ಸಾವಿರಾರು ಮಿಂಚುಗಳ ನಡುವೆ ಗ್ಯಾಮಾದ ಮಿಂಚು ಒಂದೋ ಎರಡೋ. ಒಂಟಿ ನಳಿಗೆಯು ಮಿಂಚಿತೆಂದು ಹೇಳೀತೇ ಹೊರತು ಮಿಂಚಿದ್ದು ಯಾವುದೆಂದು ಹೇಳಲಾರದು. ನಂಜನಗೂಡಿನಲ್ಲಿ ಜನಿಸಿ, ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣಗಳನ್ನು ಅಳೆದ ಬಿ. ವಿ. ಶ್ರೀಕಂಠನ್ ಅವರೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಅವರ ಸಂಗಡಿಗರೂ 1969 ರ ಸುಮಾರಿಗೆ ಉದಕಮಂಡಲದಲ್ಲಿ ಶೋಧದೀಪಗಳ ಕನ್ನಡಿಗಳನ್ನು ಆಕಾಶಕ್ಕೆ ತಿರುಗಿಸಿ, ಆಗತಾನೆ ಪತ್ತೆಯಾಗಿದ್ದ ಪಲ್ಸಾರ್ ನಕ್ಷತ್ರಗಳ ಗ್ಯಾಮಾ ಕಿರಣಗಳನ್ನು ಅರಸಿದಾಗಲೂ ಈ ತೊಡಕೇ ಎದುರಿಗಿತ್ತು.

ಗಂಟನ್ನು ಬಿಡಿಸಿದುದು ಕ್ಯಾಮರಾ. ಅಮೇರಿಕೆಯ ಹೋಪ್ಕಿನ್ಸ್ ಪರ್ವತದಲ್ಲಿ 10 ಮೀಟರಿನ ಕನ್ನಡಿಯ ನಾಭಿಯಲ್ಲಿ 37 ನಳಿಗೆಗಳನ್ನು ಜೇನುಹುಟ್ಟಿನ ಕಣ್ಣುಗಳಂತೆ ಜೋಡಿಸಲಾಯಿತು. ಒಂದೊಂದರ ಮೇಲೆ ಬಿದ್ದ ಬೆಳಕನ್ನು ಗುರುತಿಸಿಕೊಂಡರೆ ಕಣಗಳ ಮಳೆಯ ಆಕಾರವೇ ಮೂಡುವುದು. ಗ್ಯಾಮಾದ ಚಿತ್ರವು ನೀಳವಾಗಿ, ಕಿರಿದಾಗಿ, ತಾನು ಹೊರಟ ತಾರೆಯ ಕಡೆಗೆ ಮೊಗಮಾಡಿರುವುದು. ವಿಶ್ವಕಿರಣದ್ದು ಅಗಲವಾಗಿ ಚೆದರಿದ್ದು, ಗೊತ್ತಾದ ದಿಕ್ಕಿಲ್ಲದ್ದು. ಈ ಭೇದವನ್ನು 1985 ರಲ್ಲಿ ಹಿಲ್ಲಾಸನು ಲೆಕ್ಕಕ್ಕಿಳಿಸಿದನು. 1989 ರಲ್ಲಿ ಏಡಿ ನೀಹಾರಿಕೆಯ ಗ್ಯಾಮಾ ಕಿರಣಗಳು ಸಂಶಯಕ್ಕೆಡೆಯಿಲ್ಲದಂತೆ ದೊರೆತವು. ಡಬ್ಬಿಯಿಂದ ಇಲ್ಲಿಗೆ 36 ವರುಷ!

ಇಂಥ ಕೆಲಸಕ್ಕೆ ಕತ್ತಲೆಯೂ ನಿರ್ಮಲಾಕಾಶವೂ ಬೇಕು. ಆಷಾಢದಲ್ಲಿ ಧಾರವಾಡದ ಚಿಕ್ಕೆಗಳು ವಾರಗಟ್ಟಲೆ ಮುಖ ತೋರುವುದಿಲ್ಲ. ಲಡಾಖದ ಹಾನ್ಲೆಯಾದರೋ ಸುಮಾರು 4,300 ಮೀಟರು ಎತ್ತರದಲ್ಲಿ, ಹಿಮಾಲಯದ ಮಳೆಮರೆಯಲ್ಲಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಟಾಟಾ ಸಂಸ್ಥೆಯೊಡಗೂಡಿ 2008 ರ ಹೊತ್ತಿಗೆ ಅಲ್ಲಿ ‘ಹಗಾರ್’ ಎಂಬ ಏಳು ದೂರದರ್ಶಕಗಳ ಮೇಳವನ್ನು ನಿಲ್ಲಿಸಿತು. ಒಂದೊಂದಕ್ಕೆ ಏಳು ಕನ್ನಡಿ, ಕನ್ನಡಿಗೊಂದು ನಳಿಗೆ. ಅದು ಚಿತ್ರ ಬರೆಯುವ ಯಂತ್ರವಲ್ಲ. ಬೆಳಕು ಏಳೆಡೆಗೆ ಮುಟ್ಟುವ ಕಾಲದ ಅಂತರದಿಂದ ದಿಕ್ಕನ್ನು ತಿಳಿಯತಕ್ಕದ್ದು. ಅದೇ ಹಾನ್ಲೆಯಲ್ಲಿ ಭಾಭಾ ಅಣು ಸಂಶೋಧನ ಕೇಂದ್ರದವರು ಕಟ್ಟಿದ ‘ಮೇಸ್’ 2024 ರ ಅಕ್ಟೋಬರ 4 ರಂದು ಉದ್ಘಾಟನೆಗೊಂಡಿತು. ಅದರ ಕನ್ನಡಿ 21 ಮೀಟರಿನದು. ಕ್ಯಾಮರಾದಲ್ಲಿ 1088 ನಳಿಗೆಗಳು, ಅವುಗಳ ಸಂಕೇತಗಳನ್ನು ಸಂಸ್ಕರಿಸುವ ಇಲೆಕ್ಟ್ರಾನಿಕ್ ಸಾಮಗ್ರಿಯೂ ಅದರ ಹೊಟ್ಟೆಯಲ್ಲಿಯೇ.

ಇಂಥ ನಳಿಗೆಗಳು ತುಂಬು ಬೆಳುದಿಂಗಳನ್ನು ತಾಳಲಾರವು. 2011 ರಲ್ಲಿ ಲಾ ಪಾಲ್ಮಾ ದ್ವೀಪದಲ್ಲಿ ಕಣ್ದೆರೆದ ‘ಫ್ಯಾಕ್ಟ್’ ಎಂಬ ಕ್ಯಾಮರಾದಲ್ಲಿ ನಳಿಗೆಗಳೇ ಇಲ್ಲ, 1440 ಸಿಲಿಕಾನ್ ಕಣ್ಣುಗಳಿವೆ. ಚಂದ್ರನಿರುವ ರಾತ್ರಿಯಲ್ಲಿಯೂ ಗ್ಯಾಮಾ ಕಿರಣಗಳನ್ನು ನೋಡಬಹುದೆಂದು ಅದು ತೋರಿಸಿಕೊಟ್ಟಿತು.