ಮರದ ಬದಲು ಲೋಹ: ಅಲ್ಯೂಮಿನಿಯಂ ಕತ್ತಿನ ಗಿಟಾರ್

ತಂತಿವಾದ್ಯ ಎಂದೊಡನೆ ನೆನಪಾಗುವುದು ಮರ. ವೀಣೆಗೆ ಹಲಸು, ಗಿಟಾರಿಗೆ ಮೇಪಲ್ ಅಥವಾ ಮಹಾಗನಿ. ಆದರೆ ಎಲೆಕ್ಟ್ರಿಕ್ ಗಿಟಾರ್ ಕಣ್ಣು ಬಿಟ್ಟ ಕಾಲದಲ್ಲೇ ಮರವನ್ನು ಬದಿಗಿಡುವ ಪ್ರಯತ್ನ ನಡೆದಿತ್ತು.

ಲಾಸ್ ಏಂಜಲೀಸ್‌ನ ಜಾರ್ಜ್ ಬೀಚಮ್ 1931ರಲ್ಲಿ ರೂಪಿಸಿದ, ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆಗೂಡಿ 1932ರಲ್ಲಿ ಮಾರಾಟಕ್ಕೆ ತಂದ ಹವಾಯಿಯನ್ ಗಿಟಾರಿನ ಒಡಲೂ ಕತ್ತೂ ಎರಕದ ಅಲ್ಯೂಮಿನಿಯಂ. ದುಂಡು ಒಡಲು, ಉದ್ದನೆಯ ಹಿಡಿ. ಜನ ಅದನ್ನು 'ಫ್ರೈಯಿಂಗ್ ಪ್ಯಾನ್', ಅಂದರೆ ಬಾಣಲೆ ಎಂದೇ ಕರೆದರು. ತೊಂದರೆ ಕಾಣಿಸಿದ್ದು ವೇದಿಕೆಯ ಮೇಲೆ. ಪ್ರಖರ ದೀಪಗಳ ಶಾಖಕ್ಕೆ ಲೋಹ ಹಿಗ್ಗಿ ಶ್ರುತಿ ಜಾರುತ್ತಿತ್ತು. 1935ರ ಹೊತ್ತಿಗೆ ರಿಕನ್‌ಬ್ಯಾಕರ್ ಬೇಕಲೈಟ್‌ನ ಗಿಟಾರ್ ತಯಾರಿಸತೊಡಗಿದರು.

ಈ ಯೋಚನೆಗೆ ಮರುಜೀವ ಕೊಟ್ಟವರಲ್ಲಿ ಕ್ಯಾಲಿಫೋರ್ನಿಯಾದ ಟ್ರ್ಯಾವಿಸ್ ಬೀನ್ ಪ್ರಮುಖರು. 1974ರಲ್ಲಿ ಅವರು ಗೆಳೆಯರೊಂದಿಗೆ ತಯಾರಿಕೆ ಆರಂಭಿಸಿದರು. ಒಡಲು ಮರದ್ದೇ, ಕತ್ತು ಮಾತ್ರ ಇಡಿಯಾದ ಅಲ್ಯೂಮಿನಿಯಂ ಮಿಶ್ರಲೋಹದಿಂದ ಕಡೆದದ್ದು. ಅದು ಒಡಲಿನೊಳಕ್ಕೂ ಚಾಚಿಕೊಂಡು, ತಂತಿಗಳನ್ನು ಹೊರುವ ಕುದುರೆಯ ಅಡಿಗೆ ಬರುತ್ತಿತ್ತು. ಬಿರಡೆಯ ಕಡೆಯಿಂದ ಕುದುರೆಯವರೆಗೆ ತಂತಿಗೆ ಆಧಾರ ಒಂದೇ ಲೋಹದ ತುಂಡು.

ಇದರಿಂದ ಏನು ಲಾಭ? ಮೀಟಿದ ತಂತಿಯ ಕಂಪನದಲ್ಲಿ ಒಂದಂಶವನ್ನು ಮರದ ಕತ್ತು ತಾನೇ ಹೀರಿಕೊಳ್ಳುತ್ತದೆ. ಕೆಲವು ಸ್ವರಗಳು ಬೇಗ ಸಾಯುವುದು ಹೀಗಾಗಿಯೇ. ಅಲ್ಯೂಮಿನಿಯಂ ಮೇಪಲ್‌ಗಿಂತ ಹಲವು ಪಟ್ಟು ಬಿಗಿ. ಕಂಪನವನ್ನು ನುಂಗುವುದೂ ಬಹಳ ಕಡಿಮೆ. ಹೀಗಾಗಿ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ, ಗಂಟೆಯಂತೆ ಸ್ಪಷ್ಟವಾಗಿರುತ್ತದೆ. ಮಳೆಗಾಲದ ತೇವಕ್ಕೆ ಕತ್ತು ಡೊಂಕಾಗುವ ಭಯವೂ ಇಲ್ಲ. ಗ್ರೇಟ್‌ಫುಲ್ ಡೆಡ್ ತಂಡದ ಜೆರ್ರಿ ಗಾರ್ಸಿಯಾ 1976–77ರಲ್ಲಿ ಬೀನ್ ಗಿಟಾರುಗಳನ್ನೇ ನುಡಿಸಿದರು.

ಆದರೆ ಕಿವಿಗೆ ಹಿತವಾದದ್ದು ಹೆಗಲಿಗೂ ಹಿತವಾಗಬೇಕಲ್ಲ! ಅಲ್ಯೂಮಿನಿಯಂನ ಸಾಂದ್ರತೆ ಮೇಪಲ್‌ನ ಮೂರು ಪಟ್ಟಿಗಿಂತ ಹೆಚ್ಚು. ಪಟ್ಟಿ ಹಾಕಿ ತೂಗುಬಿಟ್ಟಾಗ ತೂಕ ಕತ್ತಿನ ಕಡೆಗೆ ವಾಲಿ, ಗಿಟಾರಿನ ತಲೆ ನೆಲಕ್ಕೆ ಬಾಗಲು ನೋಡುತ್ತದೆ. ಸ್ವರ ಹಿಡಿಯಬೇಕಾದ ಎಡಗೈ ಭಾರವನ್ನೂ ಹೊರಬೇಕು. ಜೊತೆಗೆ ಮುಟ್ಟಿದರೆ ತಣ್ಣನೆಯ ಲೋಹ. ಚಳಿಯಲ್ಲಿ ಬೆರಳು ಮರಗಟ್ಟುತ್ತದೆ. ಬಿಸಿಯಾದರೆ ಉಕ್ಕಿನ ತಂತಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಾಣಲೆ ಗಿಟಾರಿನ ಹಳೆಯ ಕಾಯಿಲೆ ಪೂರ್ತಿ ವಾಸಿಯಾಗಿರಲಿಲ್ಲ.

ಬೀನ್ ಅವರೊಂದಿಗಿದ್ದ ಗ್ಯಾರಿ ಕ್ರೇಮರ್ ಹೊರಬಂದು ಬೇರೆ ಹಾದಿ ಹಿಡಿದರು. 1976ರ ವೇಳೆಗೆ ನ್ಯೂಜೆರ್ಸಿಯ ಕ್ರೇಮರ್ ಕಂಪನಿ, ಅಲ್ಯೂಮಿನಿಯಂ ಕತ್ತಿನ ಹಿಂಬದಿಗೆ ಮರದ ಪಟ್ಟಿಗಳನ್ನು ಕೂರಿಸಿತು. ತೂಕ ತುಸು ಇಳಿಯಿತು, ಅಂಗೈಗೆ ಮರದ ಸ್ಪರ್ಶ ಸಿಕ್ಕಿತು. ಆದರೂ 1980ರ ದಶಕದಲ್ಲಿ ಆ ಕಂಪನಿಯೇ ಮರದ ಕತ್ತಿಗೆ ಹೊರಳಿತು. ಬೀನ್ ಅವರ ಕಾರ್ಖಾನೆ 1979ರಲ್ಲೇ ಬಾಗಿಲು ಹಾಕಿತ್ತು. ಅಷ್ಟರಲ್ಲಿ ತಯಾರಾದದ್ದು ಸುಮಾರು 3,600 ವಾದ್ಯಗಳು ಮಾತ್ರ.

ವ್ಯಾಪಾರದಲ್ಲಿ ಸೋತರೂ ವಾದ್ಯ ಸೋಲಲಿಲ್ಲ. 2024ರಲ್ಲಿ ನಿಧನರಾದ ಷಿಕಾಗೋದ ಸ್ಟೀವ್ ಆಲ್ಬಿನಿ ತಮ್ಮ ಶೆಲ್ಯಾಕ್ ತಂಡದಲ್ಲಿ ಬೀನ್ ಗಿಟಾರನ್ನು ಹೆಗಲಿಗೆ ತೂಗುಹಾಕದೆ, ಪಟ್ಟಿಯನ್ನು ಸೊಂಟಕ್ಕೆ ಬಿಗಿದು ನುಡಿಸುತ್ತಿದ್ದರು. ಬೀನ್ 2011ರಲ್ಲಿ ತೀರಿಕೊಂಡರು. ಅವರ ಹಾದಿಯಲ್ಲೇ ನಡೆದು ಲೋಹದ ಕತ್ತು ಕಡೆಯುವ ಹೊಸ ತಯಾರಕರು 2000ದ ನಂತರ ಅಮೆರಿಕದಲ್ಲಿ ಹುಟ್ಟಿಕೊಂಡಿದ್ದಾರೆ. ಮರ ಸುಲಭವಾಗಿ ಕೊಡದ ನಾದಕ್ಕಾಗಿ ಭಾರ ಹೊರಲು ಸಿದ್ಧರಿರುವವರು ಕೆಲವರಾದರೂ ಇದ್ದೇ ಇರುತ್ತಾರೆ. ಒಂದು ವಾದ್ಯ ಉಳಿಯಲು ಅಷ್ಟು ಮಂದಿ ಸಾಕು.