ಒಳಕೋಣೆಯಿಂದ ಜಗಲಿಗೆ

ನಾನು ಆರೋಗ್ಯ ಸಹಾಯಕಿಯಾಗಿ ಹಳ್ಳಿ ತಿರುಗುತ್ತಿದ್ದಾಗ ನ್ಯಾಮತಿ ಇನ್ನೂ ತಾಲ್ಲೂಕಾಗಿರಲಿಲ್ಲ, ಹೊನ್ನಾಳಿಗೇ ಸೇರಿತ್ತು. ಮಕ್ಕಳಿಗೆ ಲಸಿಕೆ ಹಾಕಿ ಹೊರಡುವಾಗ ಒಳಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ಮಾತಾಡುತ್ತಿರುವುದು ಕೇಳಿಸುತ್ತಿತ್ತು. ವಿಚಾರಿಸಿದರೆ, "ಏನಿಲ್ಲ ನರ್ಸಮ್ಮ, ಗಾಳಿ ಆಗೈತಿ. ಅಮಾಸಿಗೆ ಗಾತ್ರಿಗೆ ಕರ್ಕೊಂಡು ಹೋಗ್ತೀವಿ" ಅನ್ನುವರು. ಮಗಳ ಮದುವೆ ನಿಂತೀತು ಎಂಬ ಅಂಜಿಕೆಗೆ ಮಗನನ್ನು ಮರೆಮಾಡಿದ ಮನೆಗಳವು.

ಗಾತ್ರಿ ಎಂದರೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿ, ತುಂಗಭದ್ರೆಯ ದಡದ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ. ದೆವ್ವ ಬಿಡಿಸಲು ಚನ್ನಗಿರಿ, ಜಗಳೂರು ಕಡೆಯಿಂದಲೂ ಜನ ಹೋಗುತ್ತಿದ್ದರು. ಅಲ್ಲಿ ಕಾಯಿಲೆ ವಾಸಿಯಾಗುತ್ತದೆಂದು ನಾನು ಹೇಳಲಾರೆ. ಕಾದಷ್ಟೂ ಕಾಯಿಲೆ ಬಲಿತದ್ದನ್ನು ಕಂಡಿದ್ದೇನೆ. ಆದರೆ ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿ ಮಗನ ಪಕ್ಕದಲ್ಲೇ ಮಲಗುವ ತಾಯಿಯನ್ನು ಅಲ್ಲಿ ಯಾರೂ ಹೀಯಾಳಿಸುತ್ತಿರಲಿಲ್ಲ. ಊರಲ್ಲಿ ಆಕೆಗೆ ಸಿಗದಿದ್ದುದು ಅದೇ.

ಸರ್ಕಾರದ ಚಿಕಿತ್ಸೆ ನಮ್ಮತ್ತ ನಿಧಾನವಾಗಿ ಬಂತು. ಬೆಂಗಳೂರಿನಲ್ಲಿ 19ನೇ ಶತಮಾನದಲ್ಲೇ ಹುಚ್ಚಾಸ್ಪತ್ರೆಯಿತ್ತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಅಲ್ಲಿಯ ವೈದ್ಯರು ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು, 1985ರಿಂದ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನೂ ನಮ್ಮಂಥ ಕಾರ್ಯಕರ್ತೆಯರನ್ನೂ ತರಬೇತುಗೊಳಿಸಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 

ನನಗೆ ಮುಖ್ಯವಾಗಿ ಕಾಣುವುದು ಇದರ ನಂತರದ್ದು. ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಹಳ್ಳಿಯಲ್ಲಿ ಹುಡುಕಿ, ಔಷಧಿ ಕೊಟ್ಟು, ಬಿಟ್ಟವರ ಮನೆಗೇ ಹೋಗಿ ಮಾತಾಡಿಸುವ ಕೆಲಸವನ್ನು ನಿಮ್ಹಾನ್ಸ್ 2005ರಲ್ಲಿ ತೀರ್ಥಹಳ್ಳಿಯಲ್ಲಿ ಆರಂಭಿಸಿತು. ಅದು ಮುಂದೆ ತುರುವೇಕೆರೆಗೂ ನಮ್ಮ ದಾವಣಗೆರೆ ಜಿಲ್ಲೆಯ ಜಗಳೂರಿಗೂ ಬಂತು. ಬರದ ಸೀಮೆ ಜಗಳೂರು. ಒಂದು ದಿನದ ಕೂಲಿ ಬಿಟ್ಟು ದೂರದ ಆಸ್ಪತ್ರೆಗೆ ಹೋಗೆಂದರೆ ಯಾರು ಹೋದಾರು?

ಔಷಧಿ ಮನೆಬಾಗಿಲಿಗೆ ಬಂದರೂ ನಾಚಿಕೆ ಉಳಿಯುತ್ತದೆ. ಇಂಗ್ಲೆಂಡಿನ ಮನೋವಿಜ್ಞಾನಿ ಪಾಲ್ ಗಿಲ್ಬರ್ಟ್ ಕರುಣೆಯನ್ನೇ ಆಧಾರವಾಗಿಟ್ಟುಕೊಂಡ ಚಿಕಿತ್ಸೆ ರೂಪಿಸಿದ್ದು, ನಾಚಿಕೆಯಲ್ಲಿ ಬೆಂದು ತಮ್ಮನ್ನೇ ಹಳಿದುಕೊಳ್ಳುವವರಿಗಾಗಿ. ತನ್ನ ಮೇಲೆ ತಾನೇ ಕರುಣೆ ತೋರುವುದನ್ನು ಅದು ಕಲಿಸುತ್ತದೆ. ನಮ್ಮ ಕಡೆ ನಾಚಿಕೆ ಒಬ್ಬರದಲ್ಲ, ಇಡೀ ಮನೆಯದು. ಹಾಗಾಗಿ ಕರುಣೆಯೂ ಮನೆಯವರಿಂದಲೇ ಆರಂಭವಾಗಬೇಕು. "ರಾತ್ರಿ ನೀವು ನಿದ್ದೆ ಮಾಡಿದ್ರಾ, ಅವ್ವಾ?" ಎಂದು ಕೇಳಿದರೆ ಎಷ್ಟೋ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡು ಮಗನನ್ನು ಜಗಲಿಗೆ ಕರೆದಿದ್ದಾರೆ.

ಈಗ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಮಾತ್ರೆ ಚೀಟಿ ಬರೆದಾದ ಮೇಲೆ ಜೊತೆಗೆ ಬಂದ ಹೆಂಗಸನ್ನೂ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡುವ ಒಬ್ಬರು ಅಲ್ಲಿರಬೇಕು. ನನ್ನಂಥ ನಿವೃತ್ತರನ್ನು ಕರೆದರೂ ಬರುತ್ತೇವೆ.